ಶುಕ್ರವಾರ ದಾಟಲಿಕ್ಕಿಲ್ಲ

‘ಶುಕ್ರವಾರ ದಾಟಲಿಕ್ಕಿಲ್ಲ’ ಅಂದಳು
ಸತೌವಾ ಆಸ್ಪತ್ರೆಯ ನರ್ಸು, ಹೊರಗೆ ಬಂದು
ಚಪ್ಪಲಿ ಮೆಟ್ಟಿಕೊಳ್ಳುತ್ತ.
ಗೋಡೆಯೇ ಇಲ್ಲದ ಸಮೋವಾದ ಮನೆ.
ಒಳಗೆ ಮಲಗಿದ್ದ ಪೆನಿಯಮಿನನಿಗೆ
ಕೇಳಿಸದೆ ಇರುತ್ತದೆಯೆ?

ಅವತ್ತು ಬುಧವಾರ,
ಎರಡು ಸಾವಿರದ ಹನ್ನೊಂದರ ಡಿಸೆಂಬರು.
ಮಗ ಹಲಗೆ ಅಳೆದಿಟ್ಟ.
ಸೊಸೆ ನಯದ ಚಾಪೆಗಳನ್ನು ಅಟ್ಟದಿಂದಿಳಿಸಿ
ಬಿಸಿಲಿಗೆ ಹರವಿದಳು.
ಮುದುಕ ರೇಡಿಯೋಗೆ ಕಿವಿ ಹಚ್ಚಿ
ಬೊಚ್ಚುಬಾಯಲ್ಲಿ ನಗುತ್ತಿದ್ದ.

ಸರಕಾರ ಶುಕ್ರವಾರವನ್ನೇ ರದ್ದು ಮಾಡಿತ್ತು.

ಸುಳ್ಳಲ್ಲ.
ಇಲ್ಲಿ ಭಾನುವಾರದ ಪ್ರಾರ್ಥನೆಗೆ ಮೊಣಕಾಲೂರಿದಾಗ
ಆಸ್ಟ್ರೇಲಿಯಾದಲ್ಲಿ ಸೋಮವಾರದ ಅಂಗಡಿ ತೆರೆದಿರುತ್ತಿತ್ತು.
ವ್ಯಾಪಾರವೆಲ್ಲ ಆ ಕಡೆಗೇ. ಹಾಗಾಗಿ
ದಿನಾಂಕ ರೇಖೆಯನ್ನು, ಹಿತ್ತಲ ಬೇಲಿ ಕಿತ್ತು ನೆಟ್ಟ ಹಾಗೆ,
ಮೂಡಣಕ್ಕೆ ಸರಿಸಿದರು.
ಗುರುವಾರ ಮಲಗಿದರೆ ಶನಿವಾರ ಬೆಳಗು.
ಬಾರದ ದಿನಕ್ಕೂ ಸಂಬಳ ಕೊಡಿ ಎಂದು ಹುಕುಂ.

‘ಇದೇನು ಹೊಸದೆ?’ ಎಂದ ಮುದುಕ.
‘ಸಾವಿರದ ಎಂಟುನೂರ ತೊಂಬತ್ತೆರಡರಲ್ಲಿ
ಅಮೆರಿಕದ ವರ್ತಕರಿಗೆ ಅನುಕೂಲವಾಗಲೆಂದು
ಜುಲೈ ನಾಲ್ಕು ಎರಡು ಸಲ ಬಂತು.
ನನ್ನಜ್ಜಿ ಕಂಡಿದ್ದಳು.
ಒಂದು ದಿನ ಕಡ ತಂದಿದ್ದೆವು, ಈಗ ತೀರಿಸುತ್ತಿದ್ದೇವೆ
ನೂರಾ ಹತ್ತೊಂಬತ್ತು ವರ್ಷದ ಮೇಲೆ.
ಬಡ್ಡಿ ಇಲ್ಲ!’

ನಡುರಾತ್ರಿ ಇಗರ್ಜಿಯ ಗಂಟೆ ಹೊಡೆಯಿತು.
ಬೆಳಿಗ್ಗೆ ಅವನು ಕೋಕೋ ಕೇಳಿದ,
ಗಟ್ಟಿಯಾಗಿರಲಿ ಎಂದ.
ನರ್ಸು ನಾಡಿ ಹಿಡಿದಳು, ಕ್ಯಾಲೆಂಡರು ನೋಡಿದಳು,
ಮತ್ತೆ ನಾಡಿ ಹಿಡಿದಳು.
‘ದಾಟಲಿಲ್ಲ ತಾಯಿ,’ ಎಂದ ಪೆನಿಯಮಿನ,
‘ಬಳಸಿಕೊಂಡು ಬಂದೆ.’

ಅಷ್ಟರಲ್ಲಿ ತುತುಯಿಲಾದಿಂದ ತಂಗಿ ಸಿಯೆನಿಯ ಫೋನು.
ಅದು ಅಮೆರಿಕದ ದ್ವೀಪ,
ಅಲ್ಲಿಯ ಬೇಲಿ ಯಾರೂ ಕಿತ್ತಿರಲಿಲ್ಲ.
‘ಬೇಡ, ದೂರ ಹಿಡಿ!’ ಮುದುಕ ಚೀರಿದ,
‘ಅಲ್ಲಿನ್ನೂ ಶುಕ್ರವಾರ.
ಕಿವಿಯೊಳಗಿಂದ ನುಗ್ಗಿಬಿಟ್ಟೀತು.’

ಮಾರ್ಚಿನವರೆಗೆ ಇದ್ದ.
ಅಳೆದಿಟ್ಟ ಹಲಗೆ ಅಷ್ಟರಲ್ಲಿ ಹಂದಿಗೂಡಿಗೆ ಸೇರಿತ್ತು.
ಮಗ ಮತ್ತೆ ಅಳೆದ:
ಈ ಸಲ ಒಂದು ಗೇಣು ಕಡಿಮೆ ಸಾಕಾಯಿತು.

ನನ್ನ ಭಾಷೆಯಲ್ಲಿ ತಿಥಿ ಎಂದರೆ
ದಿನವೂ ಹೌದು,
ದಿನ ತುಂಬಿ ಹೋದವರ ಹೆಸರಲ್ಲಿ ಬಡಿಸುವ ಊಟವೂ ಹೌದು.
ಸಿಯೆನಿಗೆ ಈ ಮಾತು ಗೊತ್ತಿಲ್ಲ.
ಅಣ್ಣನ ಮಗ ಮಂಗಳವಾರ ನಸುಕಿನಲ್ಲಿ
ಸುದ್ದಿ ಹೇಳಿದಾಗ
ಅವಳು ಬಹಳ ಹೊತ್ತು ಸುಮ್ಮನಿದ್ದು
‘ಇಲ್ಲಿನ್ನೂ ಸೋಮವಾರ ಕಣೋ’ ಅಂದಳು.

ಅವತ್ತಿಡೀ ಅಳಲಿಲ್ಲ.
ಬಟ್ಟೆ ಒಗೆದಳು. ಮೀನು ಸುಟ್ಟಳು.
ಪಕ್ಕದ ಮನೆಯವಳ ಹತ್ತಿರ ಅಣ್ಣನನ್ನು ಬೈದಳು,
ಎಂದೋ ಒಯ್ದ ಆಮೆಚಿಪ್ಪಿನ ಬಾಚಣಿಗೆಗಾಗಿ:
‘ತಗೊಂಡದ್ದು ಯಾವತ್ತೂ ತಿರುಗಿ ಕೊಡುವುದಿಲ್ಲ ಅವನು.’

ಕೊಡುತ್ತಿರಲಿಲ್ಲ
ಎನ್ನಲಿಲ್ಲ.