ಹನ್ನೊಂದು ಮೊಳೆ

ಗ್ಯುಮ್ರಿಯಲ್ಲಿ ಭೂಮಿ ನಡುಗಿದಾಗ ನಾನಿನ್ನೂ ಹುಟ್ಟಿರಲಿಲ್ಲ.
ಹುಟ್ಟಿದ್ದು ಆಮೇಲೆ, ರೈಲುಡಬ್ಬಿಯಂಥ ತಗಡಿನ ಗೂಡಿನಲ್ಲಿ.
‘ಎರಡು ವರ್ಷದ ಮಟ್ಟಿಗೆ’ ಎಂದು ಕೊಟ್ಟಿದ್ದರಂತೆ;
ಇಪ್ಪತ್ತಾರು ಚಳಿಗಾಲ ಅದರಲ್ಲೇ ಕಳೆದವು.
ಒಳಗೋಡೆಗೆ ಮಾತ್ರ ಅಜ್ಜಿ ಹಲಗೆ ಹೊಡೆಸಿದ್ದಳು,
ಬಿದ್ದ ಶಾಲೆಯ ಬೆಂಚುಗಳ ಹಲಗೆ.
ಒಂದರ ಮೇಲೆ ಯಾವನೋ ಹುಡುಗ ಕೊರೆದ ಹೆಸರು
ಅರ್ಧಕ್ಕೇ ನಿಂತಿತ್ತು.

ಬಾಗಿಲ ಪಕ್ಕ, ಆ ಅರ್ಧ ಹೆಸರಿನ ಮೇಲೆ,
ಸಾಲಾಗಿ ಹನ್ನೊಂದು ಮೊಳೆ.
ಹತ್ತು ನೆಟ್ಟಗೆ. ಎಡದಿಂದ ಮೂರನೆಯದು ಸೊಟ್ಟ.
ಸೊಟ್ಟ ಮೊಳೆಗೆ ಅಜ್ಜಿಯ ಕಪ್ಪು ಕೋಟು;
ಉಳಿದವಕ್ಕೆ ಒಂದು ಜರಡಿಯನ್ನೂ ಹಾಕಗೊಡಳು.
ನಾನೊಮ್ಮೆ ಟೋಪಿ ಸಿಕ್ಕಿಸಿದ್ದಕ್ಕೆ
‘ತೆಗಿ, ಅಲ್ಲಿ ಆಗಲೇ ಏನೋ ಇದೆ’ ಅಂದಳು.
ಏನೂ ಇರಲಿಲ್ಲ. ನಾನು ಮುಟ್ಟಿ ನೋಡಿದ್ದೆ.

‘ದೇವರು ಬಂದುಹೋದ ಗುರುತು ಕಣೇ.
ಬರೋನು ಬರುತ್ತಾನೆ, ಕೈಬೀಸಿಕೊಂಡು ಹೋಗುತ್ತಾನೆ,
ಗುರುತು ನಾವೇ ಇಟ್ಟುಕೋಬೇಕು.’

ಕರೆಂಟಿಲ್ಲದ ವರ್ಷಗಳವು.
ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಓದು ಬರುತ್ತಿತ್ತು.
ಮಲಗುವ ಮುಂಚೆ ಅಜ್ಜಿ ಕತ್ತಲಲ್ಲಿ ನಿಂತು
ಒಂದೊಂದನ್ನೇ ಸವರುತ್ತಿದ್ದಳು:

ಇದು ಪಾರ್ಗೆವನದು. ಅಂಗಳದ ಸೇಬಿನ ಮರ ಕಡಿದು
ಅರ್ಧ ಸೌದೆ ನಮ್ಮ ಬಾಗಿಲಿಗೊರಗಿಸಿ
ಕದ ತಟ್ಟದೆ ಹೋದದ್ದು.
ಇದು ನಿನ್ನದು. ಜ್ವರ ನೆತ್ತಿಗೇರಿ ನೀನು ಕಣ್ಣು ಮೇಲೆ ಮಾಡಿದ ರಾತ್ರಿ
ಮೊಣಕಾಲುದ್ದ ಹಿಮದಲ್ಲಿ ನರ್ಸ್ ಅರ್ಷಲುಯ್ಸ್ ಬಂದದ್ದು.
ಯಾರೂ ಕರೆದಿರಲಿಲ್ಲ. ದಾರಿ ತಪ್ಪಿತು ಅಂದಳು.
ತಪ್ಪಲಿ ಬಿಡು, ಅಂಥ ದಾರಿ ದಿನಾ ತಪ್ಪಲಿ.
ಇದು... ಇದು ಯಾತಕ್ಕೋ, ಮರೆತೆ.
ಮೊಳೆ ಇದೆಯಲ್ಲ, ಏನೋ ಆಗಿತ್ತು.

ಕೋಟು ಬಂದಾಗ ಬೆರಳು ಅದನ್ನು ದಾಟಿ ಹೋಗುತ್ತಿತ್ತು.

ಕೊನೆಗೂ ಫ್ಲಾಟು ಸಿಕ್ಕಿತು. ನಾಲ್ಕನೆಯ ಮಹಡಿ, ಕಾಂಕ್ರೀಟು.
ಗೂಡು ಬಿಚ್ಚುವ ದಿನ ಇಕ್ಕಳ ಹಿಡಿದು ನಿಂತೆ.
‘ಕೀಳಬೇಡ. ಹಲಗೆ ಸಮೇತ ತೆಗಿ’ ಎಂದಳು.
ಕೋಟು ಎತ್ತಿದೆ. ‘ಇದು ಯಾರದು?’

ಅಜ್ಜಿ ಕಟ್ಟಿಟ್ಟ ಹಾಸಿಗೆಯ ಮೇಲೆ ಕೂತಳು.
‘ಆ ವಸಂತದಲ್ಲಿ ಹೊಲಿಗೆ ಕಾರ್ಖಾನೆಯ ಕಲ್ಲುರಾಶಿ ತೆಗೆದರು.
ನಿನ್ನ ತಾತ ಸೆದ್ರಾಕನ ಊಟದ ಡಬ್ಬಿ ತಂದುಕೊಟ್ಟರು.
ಮುಚ್ಚಳ ಹಾಕಿದ್ದು ಹಾಕಿದಂತೇ ಇತ್ತು.
ಅವನನ್ನು ತರಲಿಲ್ಲ.
ಸುತ್ತಿಗೆ ತಗೊಂಡೆ. ಕೈ ಮುಗಿಯೋಕಲ್ಲ.
ಹೊಡೆದೆ, ಬಾಗಿತು. ಬಾಗಿದ ಮೇಲೂ ಹೊಡೆದೆ.’

ಆಮೇಲೆ ಸೂರಿನ ಕಡೆ ಗದ್ದ ಎತ್ತಿ,
‘ಹತ್ತು ನನ್ನ ನೆನಪಿಗೆ.
ಹೊಟ್ಟೆ ತುಂಬಿದರೆ ಮರೆಯೋ ಜಾತಿ ನಾನು.
ಇದೊಂದು ಆತನ ನೆನಪಿಗೆ.
ಆತನೂ ಮರೀಬಾರದಲ್ಲ.’

‘ನೆಟ್ಟಗೆ ಮಾಡಲಾ?’ ಅಂದೆ.
‘ಬೇಡ. ಕೋಟು ಅದರಲ್ಲೇ ನಿಲ್ಲೋದು.’

ಹೊಸ ಮನೆಯ ಮೊದಲ ರಾತ್ರಿ.
ಗೋಡೆಗೊರಗಿದ ಹಲಗೆ. ಹೀಟರಿನ ಕಾವಿಗೆ
ಹಳೆ ಮರದಿಂದ ಶಾಲೆಯ ವಾಸನೆ ಏಳುತ್ತಿತ್ತು.
ಅಜ್ಜಿ ಸುತ್ತಿಗೆ ಕೇಳಿದಳು.
ಡಬ್ಬ ತಡಕಿದೆ: ಎಲ್ಲ ತುಕ್ಕು ತಿಂದದ್ದು,
ಎಲ್ಲಿಂದಲೋ ಒಮ್ಮೆ ಕಿತ್ತದ್ದು.
‘ಅದೇ ಸಾಕು ಕೊಡು.’

ನಡುರಾತ್ರಿ, ಹನ್ನೆರಡನೆಯ ಮೊಳೆ.
ಕೆಳಮನೆಯವರು ಕೋಲಿನಿಂದ ಛಾವಣಿ ಕುಟ್ಟಿದರು, ಎರಡು ಸಲ.
ಅಜ್ಜಿ ಕಿವಿಗೊಟ್ಟು ಕೇಳಿ,
ಇನ್ನೊಂದು ಏಟು ಹಾಕಿದಳು.