ಮುಂದಿನ ರೈಲು ಐದೂವರೆಗೆ

ರೈಲು ತಪ್ಪಿದ್ದಕ್ಕೇ ಈ ಊರು.
ಹಲಗೆಯ ಮೇಲಿನ ಹೆಸರನ್ನು ಎರಡು ಸಲ ಓದಿದೆ,
ಎರಡು ಸಲವೂ ನಾಲಿಗೆ ಬೇರೆ ಬೇರೆ ಕಡೆ ಎಡವಿತು.
ಸಾಮಾನಿಡುವ ಕೋಣೆಗೆ ಬೀಗ.
ಕಸ ಗುಡಿಸುತ್ತಿದ್ದ ಹೆಂಗಸು ನನ್ನ ಪೆಟ್ಟಿಗೆಯನ್ನು
ತನ್ನ ಪೊರಕೆಗಳ ನಡುವೆ ನಿಲ್ಲಿಸಿ
ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು:
"ನನ್ನ ಪಾಳಿ ಮುಗೀತು. ಬಾ, ತೋರಿಸ್ತೀನಿ."

ಹೆಸರು ಜಮ್‌ಫಿರಾ. ಅವಳಿಗೆ ಇಟಲಿಯ ಮಾತು ಬರುತ್ತದೆ,
ಬೊಲೋನ್ಯಾದಲ್ಲಿ ಏಳು ವರ್ಷ
ಯಾರದೋ ಮನೆಯ ಮುದುಕಿಯನ್ನು ಮೀಯಿಸಿ ಕಲಿತದ್ದು.
ನನಗೂ ಅಷ್ಟಿಷ್ಟು. ಎರವಲು ಭಾಷೆಯಲ್ಲಿ
ಎರವಲು ಕೊಡೆಯಡಿ ನಡೆದಂತೆ ನಡೆದೆವು,
ಒಬ್ಬರ ಭುಜವಾದರೂ ನೆನೆಯುತ್ತ.

ನಕಾಶೆಯಲ್ಲಿ ಹದಿನಾಲ್ಕು ನಂಬರು.
ಅವಳು ನಂಬರುಗಳ ನಡುವಿನ ಜಾಗಗಳನ್ನೇ ತೋರಿಸಿದಳು:
ಬ್ರೆಡ್ಡಿಗೆ ನಸುಕಿನ ನಾಲ್ಕಕ್ಕೆ ಸಾಲು ನಿಲ್ಲುತ್ತಿದ್ದ ಗೋಡೆ,
"ಮುಟ್ಟಿ ನೋಡು" (ಬೆನ್ನುಗಳು ಉಜ್ಜಿ ನುಣುಪಾದ ಸುಣ್ಣ);
ಜರ್ಮನಿಗೆ ಹೊರಟ ಸ್ಯಾಕ್ಸನ್ನರು
ಮಾರದೆ, ಒಯ್ಯದೆ, ಬಾಗಿಲಲ್ಲೇ ಬಿಟ್ಟ ಪಿಯಾನೋ,
ಈಗ ಸೈಕಲ್ ರಿಪೇರಿಯವನ ಬೆಂಚು.
ಹಂಗೇರಿಯ ಹುಡುಗಿಯೊಬ್ಬಳು ಕೆಂಡದ ಮೇಲೆ
ಸಕ್ಕರೆರೊಟ್ಟಿ ಹೊರಳಿಸುತ್ತಿದ್ದಳು, ಕೊಳವೆಯಂಥದ್ದು,
ನಡುವೆ ಬಿಸಿಗಾಳಿ ಮಾತ್ರ.
"ಮಂತ್ರಿಯ ಭಾಷಣದ ಹಾಗೆ" ಎಂದಳು ಜಮ್‌ಫಿರಾ,
ಕೊನೆಯ ಚೂರನ್ನೂ ಬಿಡದೆ ತಿಂದಳು.

ಗೋಪುರ ವಾಲಿದೆ,
ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರ ಹಾಗೆ;
ತನಗೇನೂ ಕೇಳಿಸುತ್ತಿಲ್ಲವೆಂಬ ಮುಖ.
ಟಿಕೆಟ್ಟಿನ ಕಿಂಡಿಯಲ್ಲಿ ಓರ್ಟ್‌ವಿನ್, ಉಣ್ಣೆಟೊಪ್ಪಿ,
ಪದಬಂಧದಿಂದ ಕಣ್ಣೆತ್ತದೆ ಕೇಳಿದ: "ಒಂದೋ? ಎರಡೋ?"
ಎರಡೆಂದೆ. ಆಗ ಕಣ್ಣೆತ್ತಿದ.
"ಹುಟ್ಟಿದಾಗಿನಿಂದ ಇದರ ನೆರಳು ತುಳೀತಿದ್ದೀಯ,
ಇವತ್ತೇನು?" (ಇದನ್ನು ಆಮೇಲೆ ಅವಳೇ ಬಿಡಿಸಿ ಹೇಳಿದ್ದು.)
"ಇವತ್ತು ನಾನು ಪ್ರವಾಸಿ" ಎಂದಳು,
ಎಂದವಳೇ ತಲೆವಸ್ತ್ರದ ಗಂಟು ಬಿಗಿ ಮಾಡಿಕೊಂಡಳು.

ಮೆಟ್ಟಿಲು ಮರದವು. ಎಣಿಸಹೋಗಿ ನಲವತ್ತರಲ್ಲಿ ತಪ್ಪಿದೆ.
ಪಾರಿವಾಳದ ಹಿಕ್ಕೆ, ಧೂಳು, ನಿಂತ ಗಡಿಯಾರದ ಹಲ್ಲು.
ಅರ್ಧದಲ್ಲಿ ಕೂತಳು, ಮೊಣಕಾಲಿಗೆ ಬೈದಳು,
ರೊಮೇನಿಯನ್ನಿನಲ್ಲಿ. ಬೈಗುಳಕ್ಕೆ ಎರವಲು ಒಗ್ಗದು.

ಮೇಲೆ, ಕಿಂಡಿಯಾಚೆ, ಊರು
ಚಾಪೆಗೆ ಹರವಿದ ಒಣಮೆಣಸಿನಕಾಯಿಯಷ್ಟು ಕೆಂಪು.
ಆ ತುದಿಗೆ ತರ್ನಾವಾ ನದಿ, ಕಂದು, ಅವಸರವಿಲ್ಲ.
ನಾನು ಚರ್ಚು ನೋಡಿದೆ, ಬೆಟ್ಟ ನೋಡಿದೆ, ಫೋಟೋ ತೆಗೆದೆ.
ಅವಳು ತನ್ನ ಮನೆ ಹುಡುಕುತ್ತಿದ್ದಳು.
ಬೀದಿ ಹಿಡಿದು ಬೆರಳು ಹೋಗುತ್ತದೆ,
ಬೇಕರಿಯ ತಿರುವಿನಲ್ಲಿ ಕಳೆದುಹೋಗುತ್ತದೆ;
ಕೆಳಗೆ ಕಣ್ಣುಮುಚ್ಚಿ ನಡೆಯುವ ದಾರಿ
ಮೇಲಿಂದ ಬೇರೆ ಯಾರದೋ ಊರಿನದು.

ಆಮೇಲೆ ಒಮ್ಮೆಲೇ, "ನೀಲಿ!"
ಗ್ಯಾಸ್ ಬಂದಮೇಲೆ ಹೊಗೆ ಮರೆತ ಒಂದು ಚಿಮಣಿ,
ಅದರ ತಲೆಗೆ ಬೋರಲು ಹಾಕಿದ ಪಾತ್ರೆ.
ಎನಾಮೆಲ್ ಕಾರ್ಖಾನೆ ಮುಚ್ಚಿದ ವಾರ
ಸಂಬಳದ ಬದಲು ಹಂಚಿದ್ದರಲ್ಲಿ ಒಂದು,
ತಳದಲ್ಲಿ ಕಾಳಿನಷ್ಟು ಬಣ್ಣ ಬಿಟ್ಟದ್ದು,
ತಪಾಸಣೆಯಲ್ಲಿ ಅವಳದೇ ಕೈ ಪಕ್ಕಕ್ಕಿಟ್ಟದ್ದು.
ಮಳೆ ಒಳಗಿಳಿಯದಿರಲೆಂದು ನಿಕಾನೋರ್ ಏರಿ ಮುಚ್ಚಿದ್ದ,
ಇಳಿಯುವಾಗ ಏಣಿಯ ಮೇಲೆ ನಗುತ್ತಿದ್ದ.
"ಅವನಿಗೆ ಆ ಚಳಿಗಾಲ ಕೊನೆಯದು" ಎನ್ನುವಾಗಲೂ
ಬೆರಳು ಅಲ್ಲೇ ಇತ್ತು, ಕದಲಲಿಲ್ಲ.

"ತೆಗಿ" ಎಂದಳು. ತೆಗೆದೆ.
ಪರದೆಯಲ್ಲಿ ಅದು ಸಾಸಿವೆಯಷ್ಟೂ ಇಲ್ಲ.
ಎರಡು ಬೆರಳಿಂದ ಹಿಗ್ಗಿಸಿದೆ; ನೀಲಿ ಚೌಕಗಳಾಗಿ ಒಡೆಯಿತು.
ಕನ್ನಡಕ ಏರಿಸಿ ನೋಡಿದಳು:
"ಹ್ಞೂಂ. ತುಕ್ಕು ಹಿಡಿದಿಲ್ಲ.
ನಾವು ಒಳ್ಳೆ ಪಾತ್ರೆ ಮಾಡ್ತಿದ್ದೆವು."

ಇಳಿದಾಗ ಓರ್ಟ್‌ವಿನ್ ಕೇಳಿದ, ಹೇಗಿದೆ ಊರು?
"ಸಣ್ಣದು. ನೀನು ಆ ಟೊಪ್ಪಿ ಒಗೆದುಕೋ."

ಐದೂವರೆಯ ರೈಲು ಐದೂ ಐವತ್ತಕ್ಕೆ ಬಂತು.
ಪೊರಕೆಗಳ ನಡುವಿನಿಂದ ಹೊರಬಂದ ಪೆಟ್ಟಿಗೆಯ
ಚಕ್ರಕ್ಕೆ ಒಂದು ಕಡ್ಡಿ ಸಿಕ್ಕಿಕೊಂಡಿತ್ತು.
ಎರಡು ಗಡಿ ದಾಟುವವರೆಗೂ
ಕಿರ್ರೆನ್ನುತ್ತಲೇ ಬಂತು.