ಹಳೇ ಫಿಟ್ಟು

ಚೀಟಿಯಲ್ಲಿ ಕೊನೆಯ ಸರದಿ ನನ್ನದು.
ಹನ್ನೊಂದು ಹೆಂಗಸರು ಎತ್ತಿಕೊಂಡ ಮೇಲೆ
ಕೈಗೆ ಬಂದದ್ದು, ಹೊಲಿಗೆ ಯಂತ್ರದ ಡ್ರಾಯರಿನದೂ ಸೇರಿ,
ಎರಡು ಸಾವಿರದ ನಾನೂರು ಡಾಲರು.
ಅದರಲ್ಲಿ ಐವತ್ತರ ಎರಡು ನೋಟಿನ ಮೂಲೆ ಹರಿದಿತ್ತು.
ಹರಿದದ್ದನ್ನು ಮುತಾರೆಯಲ್ಲಿ ಯಾರೂ ಮುಟ್ಟುವುದಿಲ್ಲ,
ಎರಡು ಸಾವಿರದ ಮುನ್ನೂರು ಅನ್ನಿ.

ಬಟ್ಟೆ ಇಷ್ಟೇ ಅಂತ ಗೊತ್ತಿದ್ದಾಗ
ಕತ್ತರಿ ಹಿಡಿದ ಕೈ ತಾನಾಗಿ ನಿಧಾನವಾಗುತ್ತದೆ.

ನಿನಗ್ಯಾಕೆ ಕಾರು ಎಂದ ಅಣ್ಣನಿಗೆ
ವ್ಯಾನಿನ ಕಂಡಕ್ಟರನ ಲೆಕ್ಕ ಒಪ್ಪಿಸಿದೆ:
ನನಗೊಂದು ಸೀಟು, ಯೂನಿಫಾರ್ಮಿನ ಗಂಟಿಗೆ ಎರಡು,
ಜನ ಹೆಚ್ಚಾದರೆ ಗಂಟು ಛಾವಣಿಯ ಮೇಲೆ.
ಒಂದು ಜನವರಿ, ಶಾಲೆ ತೆರೆಯುವ ಹಿಂದಿನ ದಿನ,
ಮೂವತ್ತು ಬಿಳಿ ಅಂಗಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ
ಸಕೂಬ್ವಾದಿಂದ ಮನೆಗೆ ವಾಪಸ್ಸು ಬಂದವು.
ಅವತ್ತೇ ತೀರ್ಮಾನ.

ತಂಗಿಯ ಗಂಡ ಫುಂಗಾಯಿ ಮೆಕ್ಯಾನಿಕ್ಕು,
ಕಿವಿಯಲ್ಲೇ ಊಟ ಮಾಡುವ ಮನುಷ್ಯ.
"ಬರ್ತೀವಿ ಅಂತ ಫೋನು ಮಾಡಬೇಡ,
ಮಾಡಿದರೆ ಎಂಜಿನ್ ಬಿಸಿ ಮಾಡಿ ಇಟ್ಟಿರ್ತಾರೆ.
ತಣ್ಣಗಿದ್ದಾಗ ಅದು ಕೆಮ್ಮೋದನ್ನ ಕೇಳಬೇಕು."

ಗಡಿಯ ರಸ್ತೆಯ ಅಂಗಳದಲ್ಲಿ ಬೆಳ್ಳಿ ಬಣ್ಣದ ಫಿಟ್ಟು,
ಟೈರಿಗೂ ಎಣ್ಣೆ ಹಚ್ಚಿ ತಲೆ ಬಾಚಿದ ಹಾಗೆ.
ಕೀಲಿ ತಿರುಗಿಸಿದರೆ ಒಳಗಿನಿಂದ ಒಬ್ಬ ಹುಡುಗಿ
ಜಪಾನಿನಲ್ಲಿ ಏನೋ ಅಂದಳು, ತುಂಬ ಮೆತ್ತಗೆ.
"ಏನಂತಾಳೆ?"
"ಆಶೀರ್ವಾದ ಮೇಡಂ! ಸುಖವಾಗಿ ಹೋಗಿ ಬನ್ನಿ ಅಂತ."
ಮೀಟರು ಅರವತ್ತೆಂಟು ಸಾವಿರ ತೋರಿಸುತ್ತಿತ್ತು,
ಬ್ರೇಕಿನ ಪೆಡಲು ಬೇರೆ ಲೆಕ್ಕ ಹೇಳುತ್ತಿತ್ತು,
ರಬ್ಬರು ಸವೆದು ಅಡಿಯ ಕಬ್ಬಿಣ ಕಂಡಿತ್ತು.
ಫುಂಗಾಯಿ ಎಂಜಿನ್ನಿಗೆ ತಲೆಯಾಡಿಸಿದ. ಚೆನ್ನಾಗಿದೆ.
ನಾನು ಹಿಂದಿನ ಡಿಕ್ಕಿಯ ಚಾಪೆ ಎತ್ತಿದೆ.
ಎಡಗಡೆ ಹೊಲಿಗೆ ನೇರ,
ಬಲಗಡೆ ಬಿಚ್ಚಿ ಮತ್ತೆ ಹೊಲಿದದ್ದು.
ತಗಡಾದರೇನು, ಇಪ್ಪತ್ತು ವರ್ಷ ಅಂಚು ನೋಡಿದ ಕಣ್ಣು.

ಆಮೇಲೆ ಇನ್ನೂ ನಾಲ್ಕು ನೋಡಿದೆವು,
ಒಂದರಲ್ಲಿ ನೀರಿನ ವಾಸನೆ,
ಒಂದು ಹೊರಡುವಾಗ ಮೈ ನಡುಗಿಸಿತು,
ಉಳಿದೆರಡರ ಕಾಗದ ಯಾರ ಹೆಸರಲ್ಲೂ ಇರಲಿಲ್ಲ.
ಎರಡು ಶನಿವಾರ ಹೋದವು, ಒಂದು ಜೊತೆ ಚಪ್ಪಲಿಯೂ.

ಶ್ರೀಮತಿ ಸೌನ್ಯಾಮಾ, ನಿವೃತ್ತ ಭೂಗೋಳದ ಟೀಚರು,
ಮನೆಯ ಮಗ್ಗುಲಲ್ಲಿ ಹಸಿರು ಫಿಟ್ಟು ನಿಲ್ಲಿಸಿದ್ದರು.
ಮಾಡಿನ ಬಣ್ಣ ಬಿಸಿಲಿಗೆ ಸುಲಿದು ಹೋಗಿದೆ,
ಹಿಂದಿನ ಎಡ ಗಾಜು ಇಳಿಯುವುದಿಲ್ಲ,
ಮೀಟರು ಎರಡು ಲಕ್ಷದ ಹನ್ನೊಂದು ಸಾವಿರ.
ಎಣ್ಣೆ ಬದಲಿಸಿದ ದಿನಗಳಿಗೆಲ್ಲ ಒಂದು ನೋಟ್‌ಬುಕ್,
ಕೆಂಪು ಶಾಯಿಯಲ್ಲಿ ಗೆರೆ ಹಾಕಿದ್ದು.
ಕೀಲಿ ತಿರುಗಿಸಿದೆ. ಅದೇ ಹುಡುಗಿ, ಅದೇ ಮಾತು.

"ಆಶೀರ್ವಾದ ಮಾಡ್ತಾಳಂತೆ," ಅಂದೆ, ಬೇಕೆಂದೇ.
ಟೀಚರು ನಕ್ಕರು. "ಯಾರು ಹೇಳಿದ್ದು? ದೂರು ಅದು!
ಟೋಲಿನ ಕಾರ್ಡು ಹಾಕಿಲ್ಲ ಅಂತ,
ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ.
ಆ ಕಾರ್ಡು ಅವಳ ದೇಶದಲ್ಲೇ ಉಳಿಯಿತು ಪಾಪ.
ಆಯ್ತಮ್ಮ ಅಂದು ನಾನು ಹೊರಡ್ತೀನಿ."

ಬಾನೆಟ್ಟಿನ ಕೆಳಗಿಂದ ಫುಂಗಾಯಿ ಇನ್ನೂ
ಮುಂದಿನ ಬುಷ್ಷು ಹೋಗಿದೆ, ಗೇರು ಪರವಾಗಿಲ್ಲ ಎನ್ನುತ್ತಿದ್ದ.
ನಾನು ಪರ್ಸಿಗೆ ಕೈ ಹಾಕಿದ್ದು ನೋಡಿ
ಓಡಿ ಬಂದು ಕಾಲು ತುಳಿದ.
ಚೌಕಾಶಿ ಬಾಕಿ ಇತ್ತಲ್ಲ!
ಎರಡು ಸಾವಿರದ ಇನ್ನೂರೈವತ್ತು,
ಮೇಲೆ ಮೊಮ್ಮಗಳಿಗೆ ಎರಡು ಜೊತೆ ಯೂನಿಫಾರ್ಮು,
ಜೇಬು ಆಳವಾಗಿರಲಿ ಅಂದರು.

ಈಗ ಸೀಟು ಮಡಚಿದರೆ ತೊಂಬತ್ತು ಅಂಗಿ
ಒಂದರ ಮೇಲೊಂದು ಕೈ ಕಟ್ಟಿ ಮಲಗುತ್ತವೆ.
ಕ್ರಿಸ್ಮಸ್ ಪಾಸಿನ ಏರಿನಲ್ಲಿ
ಲಾರಿಗಳು ನಮ್ಮನ್ನು ದಾಟಿ ಹೋಗುತ್ತವೆ, ಹೋಗಲಿ.
ಬಿಸಿಯ ಮುಳ್ಳು ನಡುವೆಯೇ ನಿಂತಿರುತ್ತದೆ,
ನಾನು ಅದನ್ನೇ ನೋಡುತ್ತಿರುತ್ತೇನೆ.
ಬೆಳಿಗ್ಗೆ ಅವಳು ಶುರು ಮಾಡುತ್ತಾಳೆ.
ಇಲ್ಲ ತಾಯಿ, ಇವತ್ತೂ ಹಾಕಿಲ್ಲ.